ಏಳನೆಯ ಯಕ್ಷನ ಮುಖ

ಕೆಂಪು ಬಟ್ಟೆ ಬಿಚ್ಚಿದ ಚಂದ್ರಯ್ಯ ಕೈಯಲ್ಲಿದ್ದದ್ದನ್ನು ತಿರುಗಿಸಿ ಮುರುಗಿಸಿ ನೋಡಿದರು. ಬರೀ ಹಲಗೆ. ಸೀಮೆಎಣ್ಣೆ ಡಬ್ಬಗಳು ಬರುವ ಪೆಟ್ಟಿಗೆಯಿಂದ ಕೊಯ್ದದ್ದು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಹಾಸನದ ಪೇಟೆಬೀದಿಯಲ್ಲಿ ಅವರದೊಂದು ಅಚ್ಚುಕೂಟ. ಅವತ್ತು ಬೆಳಿಗ್ಗೆ ಯಂತ್ರಕ್ಕೆ ಶಾಯಿ ಹಚ್ಚಿ ಆಗಿತ್ತು. ಕಾಗದವೂ ಕತ್ತರಿಸಿ ಸಿದ್ಧವಾಗಿತ್ತು. ಸಾವಿರದ ಒಂಬೈನೂರ ನಲವತ್ತಮೂರರ ಕೊನೆ, ಯುದ್ಧದ ಕಾಲ. ಆ ಕಾಗದ ಹೊಂದಿಸಲು ಚಂದ್ರಯ್ಯ ಮೈಸೂರಿಗೂ ಬೆಂಗಳೂರಿಗೂ ಅಲೆದಿದ್ದರು. ಅಚ್ಚಾಗಬೇಕಿದ್ದದ್ದು 'ಮಂಜುಕೋಟೆಯ ಯಕ್ಷರು' ಕಥಾಮಾಲೆಯ ಕೊನೆಯ ಪುಸ್ತಕದ ರಟ್ಟು. ರಟ್ಟಿನ ಚಿತ್ರಕ್ಕೆಂದು ಕೆತ್ತಿಸಿದ್ದ ಮರದ ಅಚ್ಚು ಮಾಯವಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಪಾಲಾಕ್ಷ ಸೈಕಲ್ ಒರಗಿಸಿ ಒಳಗೆ ಬಂದ. ಮೂವತ್ತರ ಆಸುಪಾಸಿನವನು. ಒಡವೆಯೋ ಗಲ್ಲಾಪೆಟ್ಟಿಗೆಯೋ ಹೋಗಿರಬೇಕು ಅಂದುಕೊಂಡೇ ಬಂದಿದ್ದ. ಹೋಗಿರುವುದು ಅಂಗೈಯಗಲದ ಮರದ ತುಂಡು ಎಂದು ತಿಳಿದಾಗ ಅವನಿಗೆ ಸ್ವಲ್ಪ ಬೇಸರವೇ ಆಯಿತು.

"ಇನ್ನೊಂದು ಕೆತ್ತಿಸಿದರೆ ಆಗೋದಿಲ್ವೇ?" ಎಂದ.

ಚಂದ್ರಯ್ಯ ಬಾಗಿಲು ಮುಂದೆ ಮಾಡಿದರು. "ಕೆತ್ತಿಸಬಹುದು ಸ್ವಾಮಿ. ಆದರೆ ಅದರಲ್ಲಿ ಏಳನೆಯವನ ಮುಖ ಇದೆ."

ಪಾಲಾಕ್ಷನಿಗೆ ತಲೆಬುಡ ತಿಳಿಯಲಿಲ್ಲ. ಅವನು ಕಥೆಪುಸ್ತಕ ಓದುವವನಲ್ಲ. ಚಂದ್ರಯ್ಯ ವಿವರಿಸಬೇಕಾಯಿತು. ಮಂಜುಕೋಟೆಗೆ ಏಳು ಬಾಗಿಲು. ಒಂದೊಂದು ಬಾಗಿಲಿಗೂ ಒಬ್ಬೊಬ್ಬ ಯಕ್ಷ ಕಾವಲು. ಒಬ್ಬ ಬಿರುಗಾಳಿಯನ್ನೇ ನುಂಗುವ ಗಾಳಿನುಂಗ. ಒಬ್ಬ ನೆರಳುಗಾರ, ಅವನು ಯಾರ ನೆರಳನ್ನು ತುಳಿದರೂ ಆ ಮನುಷ್ಯ ಅಲ್ಲೇ ಕಲ್ಲಾಗುತ್ತಾನೆ. ಇನ್ನೊಬ್ಬ ಅಂಗೈ ಚಾಚಿ ನದಿಯನ್ನು ನಿಲ್ಲಿಸುವ ಹೊಳೆತಡೆಯ. ಹೀಗೆ ಆರು ಜನ ಈವರೆಗಿನ ಪುಸ್ತಕಗಳಲ್ಲಿ ಬಂದುಹೋಗಿದ್ದಾರೆ. ಏಳನೆಯವನು ಎಲ್ಲರಿಗಿಂತ ಬಲಶಾಲಿ. ಅವನು ಮನುಷ್ಯರ ನಡುವೆಯೇ ವೇಷ ಮರೆಸಿಕೊಂಡಿದ್ದಾನೆ. ಆದರೆ ಯಾರು? ಎರಡು ವರ್ಷದಿಂದ ಜಿಲ್ಲೆಯ ತುಂಬ ಅದೇ ಚರ್ಚೆ.

"ಬರೆದವರು ಯಾರು? ಅವರನ್ನೂ ಕರೆಸಿ," ಎಂದ ಪಾಲಾಕ್ಷ.

ಪುಸ್ತಕದ ಮೇಲೆ 'ದಾರಿಹೋಕ' ಎಂದಷ್ಟೇ ಇರುತ್ತಿತ್ತು. ಅರಮನೆಯಲ್ಲಿದ್ದು ನಿವೃತ್ತರಾದ ಯಾರೋ ಪಂಡಿತರು ಎಂದು ಓದುಗರ ನಂಬಿಕೆ. ಚಂದ್ರಯ್ಯ ಹಿಂಬಾಗಿಲ ಕಡೆ ನೋಡಿದರು. ಅಚ್ಚುಕೂಟದ ಹಿಂದೆಯೇ ಅವರ ಮನೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರ ಹೆಂಡತಿ ನೀಲಾಂಬಿಕೆ ಬಂದು ನಿಂತರು.

"ನಾನೇ ಬರೆಯೋದು," ಎಂದರು ಮೆಲ್ಲಗೆ. "ಇವರಿಗೆ, ಅಚ್ಚು ಕೆತ್ತೋ ಕಾಳಯ್ಯನಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಈಗ ನಿಮಗೆ."

ಕೊನೆಯ ಅಧ್ಯಾಯವನ್ನು ಅವರು ಇನ್ನೂ ಅಕ್ಷರದ ಮೊಳೆ ಜೋಡಿಸಲು ಕೊಟ್ಟೇ ಇರಲಿಲ್ಲ. ಅಂದರೆ ಆ ಗುಟ್ಟು ಅಚ್ಚುಕೂಟದೊಳಗೆ ಇದ್ದದ್ದು ಒಂದೇ ಕಡೆ, ಕೆಂಪು ಬಟ್ಟೆಯ ಗಂಟಿನಲ್ಲಿ. ಪಾಲಾಕ್ಷ ಕೇಳಿದ ಮೇಲೆ ಅವರು ಅದನ್ನೂ ಹೇಳಿದರು. ಮೂರನೆಯ ಪುಸ್ತಕದಲ್ಲಿ ಅವಳಿ ಅಂಬಿಗರು ಬರುತ್ತಾರೆ. ಒಂದೇ ರೂಪ. ಒಂದೇ ಮೊಸಳೆ ಇಬ್ಬರ ಕಿವಿಯನ್ನೂ ಹರಿದಿದೆ. ಅಣ್ಣನದು ಎಡಗಿವಿ, ತಮ್ಮನದು ಬಲಗಿವಿ. ಅವರನ್ನು ಗುರುತಿಸಲು ಅಷ್ಟೇ ವ್ಯತ್ಯಾಸ. ನಾಲ್ಕು ಮಾತಾಡಿ ಮರೆಯಾಗುವ ಆ ತಮ್ಮ ಅಂಬಿಗನೇ ಏಳನೆಯ ಯಕ್ಷ.

"ಎರಡು ವರ್ಷ ಕಾಪಾಡಿಕೊಂಡು ಬಂದೆ," ಎಂದರು ನೀಲಾಂಬಿಕೆ. "ಸಂಕ್ರಾಂತಿಗೆ ಎಲ್ಲರೂ ಒಟ್ಟಿಗೆ ಪುಸ್ತಕ ತೆಗೆದು ನೋಡಬೇಕು, ಬೆರಗಾಗಬೇಕು ಅಂತ. ಯಾರೋ ಒಬ್ಬ ಮೊದಲೇ ಬೀದಿಲಿ ನಿಂತು ಹೇಳಿಬಿಟ್ಟರೆ ಮುಗೀತು."

ಮಾತಿನಲ್ಲಿ ಅಳುವಿರಲಿಲ್ಲ. ಆದರೆ ಆ ಮುಖ ನೋಡಿ ಪಾಲಾಕ್ಷನ ಬೇಸರ ಹೋಯಿತು.

ಕೆತ್ತನೆಯ ಕಾಳಯ್ಯ ಅಚ್ಚನ್ನು ತಂದುಕೊಟ್ಟ ಮೇಲೆ ಅದು ಬೀರುವಿನಲ್ಲೇ ಇತ್ತು. ಹಗಲು ಬೀರುವಿಗೆ ಬೀಗವಿಲ್ಲ. ಈ ನಡುವೆ ಒಳಗೆ ಬಂದ ಹೊರಗಿನವರು ಮೂವರು. ಕಾಳಯ್ಯ ಏನನ್ನೋ ತಿದ್ದಲು ಮತ್ತೆ ಬಂದಿದ್ದ. ಅರಕಲಗೂಡಿನ ಬಸ್ ಏಜೆಂಟ್ ಗುಂಡಯ್ಯ ಎರಡು ಸಲ ಬಂದು ಕಾಗದದ ಹೊರೆ ಇಳಿಸಿ ಹೋಗಿದ್ದ. ಚನ್ನರಾಯಪಟ್ಟಣದ ಬೆಲ್ಲದ ವ್ಯಾಪಾರಿ ರುದ್ರಯ್ಯ ತಮಗೆ ಪ್ರತಿಗಳನ್ನು ಕಾದಿರಿಸಲು ಬಂದಿದ್ದರು. ಕಾಳಯ್ಯನಂತೆ ಉಳಿದಿಬ್ಬರಿಗೂ ರಟ್ಟಿನ ಅಳತೆ ಗೊತ್ತು. ಹಳೆಯ ಪುಸ್ತಕಗಳೆಲ್ಲ ಅವರ ಮನೆಯಲ್ಲೇ ಇವೆ.

ಪಾಲಾಕ್ಷ ಹಲಗೆಯನ್ನು ಎತ್ತಿ ನೋಡಿದ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದ್ದರು. ಬರೀ ಕದಿಯಬೇಕಾದವನು ಇಷ್ಟು ಕಷ್ಟಪಡುವುದಿಲ್ಲ. ಕದ್ದದ್ದು ಗೊತ್ತಾಗುವ ಮೊದಲೇ ವಾಪಸು ತಂದಿಡುವ ಯೋಚನೆ ಇದ್ದವನು ಇವನು.

* * *

ಮನೆಯಲ್ಲಿ ತಾಯಿ ಬಸವಲಿಂಗಮ್ಮ ಮುದ್ದೆ ಬಡಿಸಿದರು. ವಿಷಯ ಅವರಿಗೆ ಆಗಲೇ ಮುಟ್ಟಿತ್ತು.

"ಏಳನೇವ್ನು ಯಾರು ಅಂತ ನಿಂಗೆ ಏಳವ್ರೇನಪ್ಪಾ?"

"ಕೇಸಿನ ವಿಷಯ ಕಣವ್ವ. ಹೇಳೋ ಹಂಗಿಲ್ಲ."

"ನಾನೇನು ಕೇಳ್ನಿಲ್ಲ ಬುಡು," ಎಂದು ಅವರು ಸಾರಿನ ಸೌಟು ಹಿಡಿದು ನಿಂತರು. ಸಾರು ಬೀಳಲಿಲ್ಲ. ಪಾಲಾಕ್ಷ ಕೊನೆಗೆ ತಾನೇ ಬಡಿಸಿಕೊಂಡ.

ಊಟದ ಜೊತೆಗೆ ಅವನಿಗೆ ಪಾಠವೂ ಆಯಿತು. ಓದುಗರಲ್ಲಿ ಎರಡು ಪಕ್ಷಗಳಿವೆಯಂತೆ. ಚನ್ನರಾಯಪಟ್ಟಣದವರದು ಗಾಳಿನುಂಗನ ಪಕ್ಷ, ಅದಕ್ಕೆ ರುದ್ರಯ್ಯ ಮುಖಂಡರು. ಅರಕಲಗೂಡಿನವರದು ನೆರಳುಗಾರನ ಪಕ್ಷ, ಅಲ್ಲಿ ಗುಂಡಯ್ಯ ಮುಂದಾಳು. ಇಬ್ಬರು ಯಕ್ಷರು ಎದುರುಬದುರಾದರೆ ಗೆಲ್ಲುವವರು ಯಾರು ಎಂಬುದರ ಮೇಲೆ ಜಗಳ. ಗಾಳಿಗೆ ನೆರಳೇ ಇಲ್ಲ, ನೆರಳುಗಾರ ತುಳಿಯುವುದೇನನ್ನು ಎಂದು ಇವರು. ಗಾಳಿ ನುಂಗಿದ ಹೊಟ್ಟೆಗೆ ನೆರಳುಂಟು, ಅದನ್ನು ತುಳಿದರೆ ಸಾಕು ಎಂದು ಅವರು. ಹಳ್ಳಿಮೈಸೂರಿನ ಒಂದು ಮದುವೆಯಲ್ಲಿ ಈ ಮಾತಿಗೇ ಬೀಗರು ಊಟ ಬಿಟ್ಟು ಎದ್ದಿದ್ದರು.

ಏಳನೆಯವನ ವಿಷಯದಲ್ಲೂ ಒಬ್ಬೊಬ್ಬರದು ಒಂದೊಂದು. ರಾಜಕುಮಾರಿಯ ಮುದಿ ದಾದಿಯೇ ಯಕ್ಷಿ ಎಂದು ರುದ್ರಯ್ಯನವರ ವಾದ. ಯಾವ ಬಾಗಿಲು ತೆರೆದರೂ ಅವಳು ಅಲ್ಲಿರುತ್ತಾಳೆ. ನೆರಳುಗಾರನ ಸ್ವಂತ ನೆರಳೇ ಏಳನೆಯವನು ಎಂದು ಗುಂಡಯ್ಯನ ಹಟ. ಸೋತವರು ಮೀಸೆ ಬೋಳಿಸಬೇಕೆಂದು ಹೊಳೆನರಸೀಪುರದ ಸಭೆಯಲ್ಲಿ ಇಬ್ಬರೂ ಪಣ ತೊಟ್ಟಿದ್ದರು. ಬಸವಲಿಂಗಮ್ಮನವರ ಪ್ರಕಾರ ಇಬ್ಬರೂ ದಡ್ಡರು. ಏಳನೆಯವನು ಬೇರೆ ಯಾರೂ ಅಲ್ಲ, ಆ ಕೋಟೆಯೇ.

ಪಾಲಾಕ್ಷ ಕೈತೊಳೆದು ಮೊದಲನೆಯ ಪುಸ್ತಕ ತೆಗೆದುಕೊಂಡ. ಕೇಸಿಗಾಗಿ ಎಂದು ಹೇಳಿಕೊಂಡ. ಗಾಳಿನುಂಗ ಬರುವ ಹೊತ್ತಿಗೆ ಕೇಸು ಮರೆತುಹೋಗಿತ್ತು.

* * *

ಚಂದ್ರಯ್ಯನವರ ಅನುಮಾನವೆಲ್ಲ ಕಾಳಯ್ಯನ ಮೇಲೆ. ರಟ್ಟಿನ ಮೇಲೆ ತನ್ನ ಹೆಸರೂ ಹಾಕಬೇಕೆಂದು ಕಾಳಯ್ಯ ಕೇಳಿದ್ದ. ಚಂದ್ರಯ್ಯ ಒಪ್ಪಿರಲಿಲ್ಲ. ಮಾತಿಗೆ ಮಾತು ಬೆಳೆದಿತ್ತು. ಅಚ್ಚು ಹೋದ ಸಿಟ್ಟಿನಲ್ಲಿ ಅವರು ನಾಲ್ಕು ಜನರ ಎದುರೇ ಕಾಳಯ್ಯನನ್ನು ಕಳ್ಳ ಎಂದು ಕರೆದುಬಿಟ್ಟಿದ್ದರು.

ಪಾಲಾಕ್ಷ ಹೋದಾಗ ಕಾಳಯ್ಯ ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಉಳಿಗಳನ್ನೆಲ್ಲ ಗೋಣಿತಾಟಿನಲ್ಲಿ ಸುತ್ತಿ ಕಟ್ಟಿದ್ದ.

"ತಿಂಗಳಾನುಗಟ್ಲೆ ಕೆತ್ತಿದೀನಿ ಸಾ. ಒಂದೊಂದು ರೆಪ್ಪೆ ಕೂದ್ಲೂ," ಎಂದ. "ನಾನೇ ಕದ್ದು ನಾನೇ ಏನ್ ಮಾಡ್ಲಿ? ಒಲೆಗಿಕ್ಲಾ?"

ಹೆಸರು ಕೇಳಿದ್ದು ನಿಜವೇ ಎಂದು ಪಾಲಾಕ್ಷ ವಿಚಾರಿಸಿದ. ನಿಜ, ಅದು ತಪ್ಪೇ ಎಂದು ಕಾಳಯ್ಯ ಕೇಳಿದ. ಈ ಕಳಂಕ ಹೋಗುವವರೆಗೆ ಇನ್ನು ಉಳಿ ಮುಟ್ಟುವುದಿಲ್ಲ ಎಂದೂ ಹೇಳಿದ. ಪಾಲಾಕ್ಷ ಮನೆಯನ್ನು ಹುಡುಕಲೇಬೇಕಿತ್ತು, ಹುಡುಕಿದ. ಏನೂ ಸಿಗಲಿಲ್ಲ. ಕಾಳಯ್ಯನ ಕಣ್ಣು ತಪ್ಪಿಸಿ ಹೊರಗೆ ಬಂದ.

ಮಾರನೆಯ ದಿನ ಚನ್ನರಾಯಪಟ್ಟಣದ ಬಸ್ಸು ಹತ್ತಿದ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಶಾಂತಿಗ್ರಾಮದ ಏರಿನಲ್ಲಿ ಜನರೆಲ್ಲ ಇಳಿದು ತಳ್ಳಿದರು. ಪಾಲಾಕ್ಷನೂ ತಳ್ಳಿದ. ರುದ್ರಯ್ಯನವರ ಬೆಲ್ಲದ ಮಂಡಿಗೆ ಹೋಗುವಾಗ ಅವನ ಮುಖವೆಲ್ಲ ಮಸಿ.

ರುದ್ರಯ್ಯ ಮುಖ ತೊಳೆಯಲು ನೀರು ಕೊಡಿಸಿದರು. ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. ಅಚ್ಚಿನ ಮಾತು ಎತ್ತುವ ಮೊದಲೇ ದಾದಿಯ ವಾದ ಶುರು ಮಾಡಿದರು. ಬೆಲ್ಲದ ಅಚ್ಚುಗಳನ್ನು ಏಳು ಬಾಗಿಲಿನ ಹಾಗೆ ಜೋಡಿಸಿ ತೋರಿಸಿದರು. ಪಾಲಾಕ್ಷನಿಗೆ ಒಂದು ಗಳಿಗೆ ಅದೇ ಸರಿ ಅನ್ನಿಸಿತು. ಆಮೇಲೆ ನಿಜವಾದ ಉತ್ತರ ತನಗೆ ಗೊತ್ತಿದೆಯಲ್ಲ ಎಂದು ನೆನಪಾಯಿತು.

ನೀವು ಅಚ್ಚನ್ನು ನೋಡಿದ್ದಿರಾ ಎಂದು ನೇರವಾಗಿ ಕೇಳಿದ. ರುದ್ರಯ್ಯನವರ ದನಿ ಮೊದಲ ಸಲ ತಗ್ಗಿತು.

"ನೋಡ್ಬಹುದಾಗಿತ್ತು ಸಾ. ಬೀರು ತೆಗೆದೇ ಇತ್ತು, ಅಲ್ಲೇ ನಿಂತಿದ್ದೆ. ಆದ್ರೆ ಮೊದಲೇ ತಿಳ್ಕಂಬುಟ್ರೆ ಇನ್ನು ಓದೋದ್ಯಾತಕ್ಕೆ?"

ಪೊಲೀಸರ ಎದುರು ಹೀಗೆ ಹೇಳಿದರೆ ತನ್ನ ಮೇಲೇ ಅನುಮಾನ ಬರುತ್ತದೆಂಬ ಯೋಚನೆಯೇ ಅವರಿಗೆ ಬಂದಂತಿರಲಿಲ್ಲ. ಬರುವ ಭಾನುವಾರ ಹೊಳೆನರಸೀಪುರದ ವಾಚನಾಲಯದಲ್ಲಿ ಕೊನೆಯ ಚರ್ಚೆ ಇದೆ, ತಾವೂ ಬರಬೇಕು ಎಂದು ಆಹ್ವಾನ ಕೊಟ್ಟು ಒಂದು ಅಚ್ಚು ಬೆಲ್ಲ ಕಟ್ಟಿಕೊಟ್ಟರು.

* * *

ಭಾನುವಾರ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ಜನ. ಕಟ್ಟಾಯದಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದರು. ಬಸವಲಿಂಗಮ್ಮ ಮಗನ ಜೊತೆ ಬಂದು ಹೆಂಗಸರ ಕಡೆ ಮುಂದಿನ ಚಾಪೆಯಲ್ಲಿ ಕೂತರು. ಅವರ ಪಕ್ಕದಲ್ಲೇ ನೀಲಾಂಬಿಕೆ. ತಮ್ಮ ಪಕ್ಕ ಕೂತಿರುವುದು ಯಾರೆಂದು ತಾಯಿಗೆ ಗೊತ್ತಿಲ್ಲ. 'ದಾರಿಹೋಕ'ರಿಗೆ ಹೆಂಗಸರ ಮನಸ್ಸು ಅಷ್ಟು ತಿಳಿಯದು, ಗಂಡಸಲ್ಲವೇ ಎಂದು ಬಸವಲಿಂಗಮ್ಮ ಹೇಳುತ್ತಿದ್ದರು. ನೀಲಾಂಬಿಕೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ಮೊದಲು ರುದ್ರಯ್ಯ ಮಾತಾಡಿದರು. ದಾದಿಯ ವಾದವನ್ನು ಗಟ್ಟಿಯಾಗಿ ಮಂಡಿಸಿ, ಮೀಸೆ ತಿರುವಿ ಕೂತರು. ಚಪ್ಪಾಳೆ ಬಿತ್ತು.

ಆಮೇಲೆ ಗುಂಡಯ್ಯ ಎದ್ದ. ಸಣಕಲು ಮೈ. ಅದಕ್ಕೆ ಹೊಂದದಷ್ಟು ಹುರಿಮೀಸೆ. ನೆರಳುಗಾರನ ನೆರಳೇ ಏಳನೆಯವನು ಎಂದು ಹೇಳುತ್ತಾನೆಂದು ಎಲ್ಲರೂ ಕಾದರು. ಅವನು ಗಂಟಲು ಸರಿಮಾಡಿಕೊಂಡು, ಆ ವಾದವನ್ನು ಇಂದಿಗೆ ಬಿಟ್ಟಿದ್ದೇನೆ ಎಂದ. ಸಭೆ ಗುಸುಗುಟ್ಟಿತು.

"ಏಳನೆಯವನು ಒಬ್ಬ ಅಂಬಿಗ," ಎಂದ ಗುಂಡಯ್ಯ. "ಮೂರನೆ ಪುಸ್ತಕದಲ್ಲಿ ಹೊಳೆತಡೆಯ ನದೀನ ನಿಲ್ಲಿಸ್ತಾನೆ. ನೀರು ನಿಂತ್ರೂ ಒಂದು ದೋಣಿ ಮಾತ್ರ ಸಾಗ್ತದೆ. ಯಾರ ದೋಣಿ? ಅವಳಿ ಅಂಬಿಗರದು. ಅವರಲ್ಲಿ ಎಡಗಿವಿ ಹರಿದ ಅಣ್ಣನೇ ಏಳನೆ ಯಕ್ಷ. ಬರೆದಿಟ್ಕಳಿ."

ಅಂಬಿಗ ಎಂಬ ಮಾತು ಬಿದ್ದಾಗ ನೀಲಾಂಬಿಕೆಯವರ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ಅಣ್ಣ ಎಂದ ಮೇಲೆ ಮತ್ತೆ ಮೆಲ್ಲಗೆ ಆಡಿತು. ಪಾಲಾಕ್ಷನ ಪಕ್ಕದಲ್ಲಿದ್ದ ಚಂದ್ರಯ್ಯ ಉಸಿರು ಬಿಟ್ಟರು. "ಸದ್ಯ, ತಪ್ಪು ಹೇಳಿದ," ಎಂದು ಪಿಸುಗುಟ್ಟಿದರು.

ಸಭೆ ಮುಗಿದ ಮೇಲೆ ಪಾಲಾಕ್ಷ ಮರದಡಿ ನಿಂತು ಯೋಚಿಸಿದ. ಅಂಬಿಗನ ಮಾತು ಈವರೆಗೆ ಯಾರೂ ಎತ್ತಿದ್ದಿಲ್ಲ. ಆದರೆ ಸಾಗುವ ದೋಣಿಯ ಸುಳಿವನ್ನು ತಾನೇ ಬೇಕೆಂದು ಇಟ್ಟಿದ್ದು ಎಂದು ನೀಲಾಂಬಿಕೆ ಹೊರಗೆ ಬರುತ್ತ ಹೇಳಿದ್ದರು. ಸೂಕ್ಷ್ಮವಾಗಿ ಓದಿದವನಿಗೆ ಹೊಳೆಯಬಹುದಾದದ್ದೇ. ಅದಕ್ಕಿಂತ ಮುಖ್ಯವಾದದ್ದು, ಗುಂಡಯ್ಯ ಅಚ್ಚನ್ನು ನೋಡಿದ್ದರೆ ಬಲಗಿವಿಯ ತಮ್ಮ ಎಂದೇ ಹೇಳುತ್ತಿದ್ದ. ಮೀಸೆ ಪಣಕ್ಕಿಟ್ಟವನು ಬೇಕೆಂದು ತಪ್ಪು ಹೇಳುತ್ತಾನೆಯೇ? ಇಲ್ಲ.

ಅವನು ಮನಸ್ಸಿನಲ್ಲೇ ಗುಂಡಯ್ಯನ ಹೆಸರು ಹೊಡೆದುಹಾಕಿದ. ರುದ್ರಯ್ಯ ದಾದಿಯನ್ನು ಬಿಟ್ಟಿರಲಿಲ್ಲ. ಅವರೂ ಅಲ್ಲ. ಉಳಿದವನು ಕಾಳಯ್ಯ ಒಬ್ಬನೇ. ಹಾಸನಕ್ಕೆ ಹಿಂತಿರುಗುವ ದಾರಿಯುದ್ದಕ್ಕೂ ಪಾಲಾಕ್ಷನಿಗೆ ಗೋಣಿತಾಟಿನಲ್ಲಿ ಸುತ್ತಿಟ್ಟ ಉಳಿಗಳು ಕಣ್ಣ ಮುಂದೆ ಬರುತ್ತಿದ್ದವು.

* * *

ಸೋಮವಾರ ಠಾಣೆಯಲ್ಲಿ ಬೇರೆ ಕೆಲಸವಿತ್ತು. ಮೈಸೂರಿಗೆ ಕಳಿಸಬೇಕಾದ ಒಂದು ಪಾರ್ಸೆಲ್ಲಿಗೆ ಅರಗಿನ ಮೊಹರು ಹಾಕಬೇಕು. ದಫೇದಾರ ರಾಮಣ್ಣ ಅರಗು ಕರಗಿಸಿ ತೊಟ್ಟಿಕ್ಕಿಸಿದ. ಪಾಲಾಕ್ಷ ಹಿತ್ತಾಳೆಯ ಮೊಹರನ್ನು ಕೈಗೆತ್ತಿಕೊಂಡ. ಎಷ್ಟೋ ವರ್ಷದಿಂದ ಒತ್ತಿದ ಮೊಹರು. ಅವತ್ತು ಯಾಕೋ ಅದರ ಮುಖ ನೋಡಿದ.

ಅಕ್ಷರಗಳೆಲ್ಲ ತಿರುಗುಮುರುಗು. 'ಹಾಸನ' ಎಂಬುದು ಬಲದಿಂದ ಎಡಕ್ಕೆ ಮಲಗಿತ್ತು.

"ಅರಗು ಆರ್ತಾದೆ ಸಾ," ಎಂದ ರಾಮಣ್ಣ.

ಪಾಲಾಕ್ಷ ಒತ್ತಲಿಲ್ಲ. ಮೊಹರನ್ನು ಅವನ ಕೈಗೇ ಕೊಟ್ಟು ಸೈಕಲ್ ಹತ್ತಿದ.

ನೇರ ಹೋದದ್ದು ಕಾಳಯ್ಯನ ಜಗಲಿಗೆ. ಕಾಳಯ್ಯ ಅವನನ್ನು ನೋಡಿ ಎದ್ದು, ಜೈಲಿಗೆ ಹೊರಡುವವನಂತೆ ಹೆಗಲ ಮೇಲೆ ಟವಲು ಹಾಕಿಕೊಂಡ. ಪಾಲಾಕ್ಷ ಅವನ ಪಕ್ಕ ಕೂತು, ಒಂದು ಸಣ್ಣ ಅಚ್ಚು ಕೆತ್ತಿಕೊಡಬೇಕು ಎಂದು ಕೇಳಿದ. ಉಳಿ ಮುಟ್ಟುವುದಿಲ್ಲ ಅಂದಿದ್ದೇನಲ್ಲ ಎಂದ ಕಾಳಯ್ಯ.

"ನಿಮ್ಮ ಮೇಲೆ ಬಂದಿರೋ ಮಾತು ತೊಳೆಯೋಕೇ ಬೇಕಾಗಿದೆ ಕಾಳಯ್ಯ," ಎಂದ ಪಾಲಾಕ್ಷ. "ನೀವು ಕದ್ದಿಲ್ಲ. ನನಗೆ ಗೊತ್ತು. ಇನ್ನು ನಾಲ್ಕು ಜನಕ್ಕೆ ತೋರಿಸಬೇಕು."

ಕಾಳಯ್ಯ ಹೆಗಲ ಮೇಲಿನ ಟವಲು ತೆಗೆದಿಟ್ಟ. ಆಮೇಲೆ ಗೋಣಿತಾಟಿನ ಗಂಟು ಬಿಚ್ಚಿದ.

* * *

ರಟ್ಟಿನ ವಿಷಯ ಮಾತಾಡುವುದಿದೆ ಎಂದು ಚಂದ್ರಯ್ಯ ಎಲ್ಲರನ್ನೂ ಅಚ್ಚುಕೂಟಕ್ಕೆ ಕರೆಸಿದರು. ರುದ್ರಯ್ಯ ಬಂದರು. ಗುಂಡಯ್ಯ ತನ್ನ ಬಸ್ಸಿನಲ್ಲೇ ಬಂದ. ಕಾಳಯ್ಯ ಬಾಗಿಲ ಹತ್ತಿರ ನಿಂತ. ನೀಲಾಂಬಿಕೆ ಎಲ್ಲರಿಗೂ ಕಾಫಿ ತಂದಿಟ್ಟು ಹಿಂಬಾಗಿಲಲ್ಲಿ ನಿಂತರು.

ಪಾಲಾಕ್ಷ ಜೇಬಿನಿಂದ ಒಂದು ಸಣ್ಣ ಮರದ ಅಚ್ಚು ತೆಗೆದ. ಹೆಗಲ ಮೇಲೆ ಗಿಳಿ ಕೂತ ಒಬ್ಬ ಹೆಂಗಸಿನ ಚಿತ್ರ. ಕಥೆಗೂ ಅದಕ್ಕೂ ಸಂಬಂಧವಿಲ್ಲ. ಗಿಳಿ ಯಾವ ಹೆಗಲ ಮೇಲಿದೆ ಎಂದು ರುದ್ರಯ್ಯನವರನ್ನು ಕೇಳಿದ. ಅವರು ನೋಡಿ, ಎಡಗಡೆ ಹೆಗಲು ಎಂದರು. ಗುಂಡಯ್ಯನ ಕೈಗೆ ಕೊಟ್ಟ. ಅವನೂ ಹಾಗೇ ಹೇಳಿದ.

ಪಾಲಾಕ್ಷ ಅದನ್ನು ಕಾಳಯ್ಯನಿಗೆ ಕೊಟ್ಟ. ಕಾಳಯ್ಯ ಶಾಯಿ ಸವರಿ, ಒಂದು ಚೂರು ಕಾಗದ ಇಟ್ಟು ಅಂಗೈಯಿಂದ ಒತ್ತಿ, ಮೆಲ್ಲಗೆ ಸುಲಿದು ಮೇಜಿನ ಮೇಲಿಟ್ಟ.

ಕಾಗದದಲ್ಲಿ ಗಿಳಿ ಬಲ ಹೆಗಲ ಮೇಲೆ ಕೂತಿತ್ತು.

ರುದ್ರಯ್ಯ ನಕ್ಕುಬಿಟ್ಟರು. ಆಹಾ, ಚೆನ್ನಾಗಿದೆಯಲ್ಲ ಎಂದರು. ಗುಂಡಯ್ಯ ನಗಲಿಲ್ಲ. ಕಾಗದವನ್ನು ನೋಡಿದ, ಅಚ್ಚನ್ನು ನೋಡಿದ, ಮತ್ತೆ ಕಾಗದವನ್ನು ನೋಡಿದ.

"ಅಂಗಾರೆ ಅದು ತಮ್ಮನಾ?" ಎಂದ.

ರುದ್ರಯ್ಯ ಗಬಕ್ಕನೆ ಎರಡೂ ಕಿವಿ ಮುಚ್ಚಿಕೊಂಡರು.

"ಯಾವುದು ಗುಂಡಯ್ಯ?" ಎಂದ ಪಾಲಾಕ್ಷ. "ಕಳುವಾದ ಅಚ್ಚಿನಲ್ಲಿ ಏನಿತ್ತು ಅಂತ ನಿಮಗೆ ಯಾರೂ ಹೇಳಿಲ್ಲ. ನಾನು ತೋರಿಸಿದ್ದು ಗಿಳಿ."

ಗುಂಡಯ್ಯ ಕಾಗದದ ಹೊರೆಯ ಮೇಲೆ ಕುಸಿದು ಕೂತ. ತಲೆಯ ಮೇಲೆ ಕೈ ಹೊತ್ತ. ಸಿಕ್ಕಿಬಿದ್ದದ್ದಕ್ಕಿಂತ ಮೋಸಹೋದದ್ದೇ ಅವನಿಗೆ ಹೆಚ್ಚು ನೋವಾಗಿದ್ದಂತೆ ಕಾಣುತ್ತಿತ್ತು.

ಪಾಲಾಕ್ಷ ಚಂದ್ರಯ್ಯನವರ ಕಡೆ ತಿರುಗಿ ವಿವರಿಸಿದ. ಹಲಗೆಯ ಅಂಚನ್ನು ಉಜ್ಜಿದ್ದು ನೋಡಿದಾಗಲೇ, ಕದ್ದವನು ಕೇಡು ಬಯಸಿದವನಲ್ಲ, ನೋಡಿ ವಾಪಸು ಇಡಲು ಬಯಸಿದವನು ಎಂದು ತಿಳಿದಿತ್ತು. ಯಾಕೆ ನೋಡಬೇಕು? ಚರ್ಚೆಯಲ್ಲಿ ಗೆಲ್ಲಲು. ಎರಡು ವರ್ಷ ಹಿಡಿದ ವಾದವನ್ನು ದಿಢೀರನೆ ಬಿಟ್ಟವನು ಗುಂಡಯ್ಯ ಒಬ್ಬನೇ. ಆದರೆ ಅವನು ತಪ್ಪು ಕಿವಿ ಹೇಳಿದ. ಅಲ್ಲೇ ತಾನು ಎಡವಿದ್ದು. ತಪ್ಪು ಹೇಳಿದವನು ನೋಡಿಲ್ಲ ಅಂದುಕೊಂಡಿದ್ದ.

"ಅಚ್ಚಿನ ಕೆಲಸ ತಿಳಿದವರು ಯಾರೇ ಕದ್ದಿದ್ದರೂ ತಮ್ಮ ಅಂತಲೇ ಹೇಳ್ತಿದ್ದರು," ಎಂದ. "ಮರದಲ್ಲಿ ಎಡ ಕಂಡರೆ ಕಾಗದದಲ್ಲಿ ಬಲ. ಕಾಳಯ್ಯ ಕೆತ್ತಿದ್ದೇ ಹಾಗೆ. ನೀವೂ, ಮೊಳೆ ಜೋಡಿಸೋರೂ ದಿನಾ ತಿರುಗುಮುರುಗು ಓದೋರು. ಅಂಬಿಗ ಅನ್ನೋದು ಸರಿ ಹೇಳಿ, ಅಣ್ಣತಮ್ಮಂದಿರನ್ನ ಅದಲುಬದಲು ಮಾಡಿದವನು ಬರೀ ಮರ ನೋಡಿದವನು."

ಗುಂಡಯ್ಯ ಎಲ್ಲ ಒಪ್ಪಿಕೊಂಡ. ಹೊರೆ ಇಳಿಸುವಾಗ ಬೀರುವಿನಲ್ಲಿ ಕೆಂಪು ಬಟ್ಟೆ ಕಂಡಿತ್ತು. ಮುಂದಿನ ಸರದಿಗೆ ಹಲಗೆ ಕೊಯ್ದು ತಂದಿದ್ದ. ಒಂದೇ ಒಂದು ಸಲ ನೋಡಿ ಹಾಗೇ ಇಟ್ಟುಬಿಡುವುದು ಅವನ ಲೆಕ್ಕ. ವಾಪಸು ತರುವ ಹೊತ್ತಿಗೆ ಬಾಗಿಲಲ್ಲಿ ಪೊಲೀಸರ ಸೈಕಲ್ ನಿಂತಿತ್ತು.

"ಮೀಸೆಗೋಸ್ಕರವಾ?" ಎಂದು ರುದ್ರಯ್ಯ ಕೇಳಿದರು.

"ಮೀಸೆ ಆಳಾಗೋಗ್ಲಿ," ಎಂದ ಗುಂಡಯ್ಯ. "ರಾತ್ರಿ ನಿದ್ದೆ ಬತ್ತಿರ್ನಿಲ್ಲ ಕಣ್ರೀ. ಯಾರು ಅಂತ ತಿಳೀದೆ."

ಚಂದ್ರಯ್ಯ ಸಿಟ್ಟಿನಿಂದ ಎದ್ದರು. ಮೊಕದ್ದಮೆ ಹಾಕಿ ಎಂದರು. ಹಿಂಬಾಗಿಲಿನಿಂದ ನೀಲಾಂಬಿಕೆ ಅವರನ್ನು ಕರೆದು ಏನೋ ಹೇಳಿದರು. ಚಂದ್ರಯ್ಯ ಮೊಕದ್ದಮೆಯ ಮಾತು ಬಿಟ್ಟರು. ಆಮೇಲೆ ಬಾಗಿಲ ಹತ್ತಿರ ಹೋಗಿ, ಕಳ್ಳ ಎಂದದ್ದು ತನ್ನ ತಪ್ಪು ಎಂದು ಎಲ್ಲರಿಗೂ ಕೇಳುವಂತೆ ಕಾಳಯ್ಯನಿಗೆ ಹೇಳಿದರು. ಗುಂಡಯ್ಯನೂ ಎದ್ದು ಬಂದು ಕಾಳಯ್ಯನ ಎರಡೂ ಕೈ ಹಿಡಿದುಕೊಂಡ. ತನ್ನಿಂದ ಇನ್ನೊಬ್ಬನ ಮೇಲೆ ಅಪವಾದ ಬಂತು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಅವನ ಕಣ್ಣು ತುಂಬಿತು.

ಕಾಳಯ್ಯ ಕೇಳಿದ್ದು ಒಂದೇ. "ಮೊಖಕ್ಕೆ ಏನೂ ಆಗಿಲ್ಲ ತಾನೆ?"

* * *

ಅರಕಲಗೂಡಿನ ಗುಂಡಯ್ಯನ ಮನೆಯಲ್ಲಿ ಅಚ್ಚು ದೇವರಗೂಡಿನಲ್ಲಿತ್ತು. ಚೆಂಡುಹೂವಿನ ನಡುವೆ, ಅರಿಸಿನ ಕುಂಕುಮದಲ್ಲಿ ಮುಳುಗಿ. ಬೇರೆಲ್ಲಿ ಇಡಲೂ ಗುಂಡಯ್ಯನಿಗೆ ಮನಸ್ಸು ಬಂದಿರಲಿಲ್ಲ. ಯಾವುದೋ ಊರಿನ ದೇವರು ಎಂದು ಹೆಂಡತಿಗೆ ಹೇಳಿದ್ದ. ಪುಟ್ಟಲಕ್ಷ್ಮಮ್ಮ ಅಂದಿನಿಂದ ದಿನವೂ ದೀಪ ಹಚ್ಚಿ ಪೂಜೆ ಮಾಡುತ್ತಿದ್ದರು. ಪೊಲೀಸರು ಬಂದು ದೇವರನ್ನು ಕೇಳಿದ್ದು ಅವರಿಗೆ ಹಿಡಿಸಲಿಲ್ಲ.

"ಈ ದೇವ್ರು ಬಂದ್ಮೇಲೆ ನಮ್ಮ ಹಸ ಕರ ಆಕ್ತು," ಎಂದರು ಪಾಲಾಕ್ಷನಿಗೆ. "ಬರಿಗೈಲಿ ಎಂಗೆ ಕಳಿಸ್ಲಿ? ನಿಂತ್ಕಳಿ."

ಮಂಗಳಾರತಿ ಆಯಿತು. ಪಾಲಾಕ್ಷ ಟೋಪಿ ತೆಗೆದು ನಿಂತ. ಪ್ರಸಾದ ತೆಗೆದುಕೊಂಡ. ಆಮೇಲೆ ಏಳನೆಯ ಯಕ್ಷನನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಕೆತ್ತನೆಯ ಗೆರೆಗಳಲ್ಲಿ ಕೂತ ಕುಂಕುಮವನ್ನು ತೆಗೆಯಲು ಕಾಳಯ್ಯನಿಗೆ ಒಂದು ಹಗಲೇ ಬೇಕಾಯಿತು. ಬಯ್ದುಕೊಳ್ಳುತ್ತಲೇ ಒರೆಸಿದ, ಆದರೆ ಗೆಲುವಾಗಿಯೇ ಇದ್ದ. ತನ್ನ ಕೆಲಸಕ್ಕೆ ಯಾರೂ ಈ ಮಟ್ಟದ ಮರ್ಯಾದೆ ಕೊಟ್ಟಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಪುಸ್ತಕ ಬಂತು. ರಟ್ಟಿನ ಕೆಳಗೆ 'ಚಿತ್ರ: ಕಾಳಯ್ಯ' ಎಂದು ಅಚ್ಚಾಗಿತ್ತು. ಹೊಳೆನರಸೀಪುರದಲ್ಲಿ ಜನ ವಾಚನಾಲಯದ ಮೆಟ್ಟಿಲ ಮೇಲೇ ಕೂತು ಓದಿದರು. ದಾದಿಯೂ ಅಲ್ಲ, ಅಣ್ಣನೂ ಅಲ್ಲ. ರುದ್ರಯ್ಯ, ಗುಂಡಯ್ಯ ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಕ್ಷೌರಿಕನ ಕೈಯಲ್ಲಿ ಮೀಸೆ ಬೋಳಿಸಿಕೊಂಡರು. ಕನ್ನಡಿ ನೋಡಿ ರುದ್ರಯ್ಯ, ಹಿಂದೊಮ್ಮೆ ಮೀಸೆ ತೆಗೆಸಿದ್ದು ಅಪ್ಪ ತೀರಿಕೊಂಡಾಗ ಎಂದು ನೆನೆದರಂತೆ.

* * *

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಪಾಲಾಕ್ಷ ಅಚ್ಚುಕೂಟದಲ್ಲಿ ಕಾಫಿ ಕುಡಿಯುತ್ತಿದ್ದ. ಈಗೀಗ ಆ ಬೀದಿಯಲ್ಲಿ ಅವನಿಗೆ ಆಗಾಗ ಕೆಲಸ ಬೀಳುತ್ತಿತ್ತು. ಗುಂಡಯ್ಯ ಪುಸ್ತಕದ ಕಟ್ಟುಗಳನ್ನು ಬಸ್ಸಿಗೆ ಸಾಗಿಸುತ್ತಿದ್ದ. ನಯವಾದ ಮೇಲ್ದುಟಿಯಿಂದ ಅವನು ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ. ನೀಲಾಂಬಿಕೆ ಅವನಿಗೂ ಒಂದು ಲೋಟ ಕಾಫಿ ಕೊಟ್ಟರು. ಪುಸ್ತಕ ಹೇಗಿತ್ತು ಎಂದು ಕೇಳಿದರು, ಅಚ್ಚುಕೂಟದ ಯಜಮಾನಿ ಕೇಳುವ ಹಾಗೆ.

ಗುಂಡಯ್ಯ ಹೊಗಳಿದ. ಎರಡು ಸಲ ಓದಿದ್ದೇನೆ ಎಂದ. ದಾರಿಹೋಕರು ಎಂಥ ತಲೆಯವರು ಎಂದ. ಆಮೇಲೆ ಲೋಟ ಕೆಳಗಿಟ್ಟು ಹೊರಡುವವನು ಹೊಸ್ತಿಲಲ್ಲಿ ನಿಂತ.

"ಒಂದ್ ಮಾತ್ರ ತಿಳೀನಿಲ್ಲ ಕಣಮ್ಮ. ಒಂದೇ ಬಸುರಲ್ಲಿ ಉಟ್ಟಿ, ಒಂದೇ ದೋಣೀಲಿ ಇದ್ದೋರು. ತಮ್ಮ ಯಕ್ಷ ಅಂತ ಆ ಅಣ್ಣಂಗೆ ಮೊದ್ಲಿಂದ್ಲೂ ಗೊತ್ತಿತ್ತಾ, ಇಲ್ವಾ?"

ನೀಲಾಂಬಿಕೆ ಬಾಯಿ ತೆರೆದವರು ಹಾಗೇ ನಿಂತರು. ಎತ್ತಿಕೊಂಡ ಖಾಲಿ ಲೋಟ ಕೈಯಲ್ಲೇ ಇತ್ತು. ಒಳಗೆ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

"ಬರೆದವರಿಗೂ ಗೊತ್ತಿಲ್ಲ ಅನ್ನಿಸುತ್ತೆ," ಎಂದರು ಕೊನೆಗೆ.

ಪಾಲಾಕ್ಷ ನಗು ತಡೆಯಲು ಹೋಗಿ ಕಾಫಿಯನ್ನು ಅಂಗಿಯ ಮೇಲೆಲ್ಲ ಚೆ‌ಲ್ಲಿಕೊಂಡ.